120 ಹರ್ಟ್ಜ್ ಟಿವಿ ಮತ್ತು ಊಹೆಯ ಚಿತ್ರಗಳು

ಟಿವಿ ಅಂಗಡಿಗಳಲ್ಲಿ ಇಂಚಿನ ಲೆಕ್ಕ ಮುಗಿದು ಈಗ ಹರ್ಟ್ಜ್ ಲೆಕ್ಕ ನಡೆಯುತ್ತಿದೆ. ಇದು 60, ಅದು 120, ಆ ಮೂಲೆಯಲ್ಲಿರುವುದು 144. ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ. ದೊಡ್ಡ ಸಂಖ್ಯೆ ಎಂದರೆ ಒಳ್ಳೆಯದು ಎಂದು ನಂಬಿ ಸಾಲ ಮಾಡಿಯಾದರೂ ತರುತ್ತೇವೆ. ತಂದ ದಿನ ರಾತ್ರಿ ಮೆಚ್ಚಿನ ಹಳೆಯ ಸಿನಿಮಾ ಹಾಕಿದರೆ ಏನೋ ತಪ್ಪಿದಂತೆ ಕಾಣುತ್ತದೆ. ಚಿತ್ರ ಸ್ಪಷ್ಟವಾಗಿದೆ, ಬಣ್ಣ ಚೆನ್ನಾಗಿದೆ, ಆದರೆ ಸಿನಿಮಾ ಸಿನಿಮಾದಂತಿಲ್ಲ. ನಾಯಕ ಸೆಟ್ಟಿನಲ್ಲಿ ನಿಂತು ಮದುವೆ ವಿಡಿಯೋದವರಿಗೆ ಪೋಸು ಕೊಟ್ಟ ಹಾಗೆ. ಮನೆಯವರು ‘ಹೊಸ ಟಿವಿ ಅಲ್ವಾ, ಹಾಗೇ ಇರುತ್ತೆ’ ಎಂದು ಒಪ್ಪಿಕೊಂಡುಬಿಡುತ್ತಾರೆ.

ಒಪ್ಪಿಕೊಳ್ಳಬೇಕಾಗಿಲ್ಲ ಎನ್ನುವುದು ಈ ಬರಹದ ವಾದ. ಹೆಚ್ಚು ರಿಫ್ರೆಶ್ ರೇಟಿನ ಟಿವಿಯ ದೊಡ್ಡ ಗುಣವೆಂದು ಅಂಗಡಿಯವರು ತೋರಿಸುವುದು ನುಣುಪನ್ನು. ನಿಜವಾದ ಗುಣ ಬೇರೆಯೇ ಇದೆ: ತೆಗೆದವರು ಯಾವ ವೇಗದಲ್ಲಿ ಚಿತ್ರ ತೆಗೆದರೋ ಅದನ್ನು ಸಮವಾಗಿ ಹಂಚಿ ತೋರಿಸುವ ಶಕ್ತಿ. ಮೊದಲನೆಯದು ಕಾರ್ಖಾನೆಯಿಂದಲೇ ಆನ್ ಆಗಿ ಬರುತ್ತದೆ. ಎರಡನೆಯದನ್ನು ನಾವೇ ಮೆನುವಿನೊಳಗೆ ಇಳಿದು ಹುಡುಕಬೇಕು. ಇದು ತಲೆಕೆಳಗಾದ ವ್ಯವಸ್ಥೆ.

ಮೊದಲು ಎರಡು ಸಂಖ್ಯೆಗಳನ್ನು ಬಿಡಿಸಿಕೊಳ್ಳೋಣ. ಒಂದು, ಕ್ಯಾಮೆರಾ ಸೆಕೆಂಡಿಗೆ ಎಷ್ಟು ಫ್ರೇಮ್ ತೆಗೆದಿದೆ ಎನ್ನುವುದು. ಇನ್ನೊಂದು, ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎನ್ನುವುದು. ರಿಫ್ರೆಶ್ ರೇಟ್ ಎಂದರೆ ಈ ಎರಡನೆಯದು. ಎರಡೂ ಒಂದೇ ಆಗಿರಬೇಕಿಲ್ಲ, ನಮ್ಮ ಟೂರಿಂಗ್ ಟಾಕೀಸಿನ ಕಾಲದಲ್ಲೂ ಒಂದೇ ಆಗಿರಲಿಲ್ಲ. ಮಾತು ಬಂದ ಮೇಲೆ ಸಿನಿಮಾ ಸೆಕೆಂಡಿಗೆ 24 ಫ್ರೇಮಿಗೆ ನಿಂತಿತು. ಆದರೆ 24 ಸಲ ಮಾತ್ರ ಬೆಳಕು ಚೆಲ್ಲಿದರೆ ಪರದೆ ಮಿಣುಕುತ್ತದೆ. ಅದಕ್ಕೆ ಪ್ರೊಜೆಕ್ಟರಿನ ಶಟರ್ ಒಂದೊಂದು ಫ್ರೇಮಿನ ಮೇಲೂ ಎರಡು ಅಥವಾ ಮೂರು ಸಲ ಬೆಳಕು ಹಾಯಿಸುತ್ತಿತ್ತು. ಚಿತ್ರ 24, ಮಿಂಚು 48 ಅಥವಾ 72. ಟೆಂಟಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದವರೂ ‘ಹೆಚ್ಚು ರಿಫ್ರೆಶ್ ರೇಟ್’ ನೋಡಿದವರೇ. ಅಲ್ಲಿ ಮುಖ್ಯವಾಗಿದ್ದದ್ದು ಸಮತೆ. ಪ್ರತಿ ಫ್ರೇಮಿಗೂ ಅಷ್ಟೇ ಮಿಂಚು, ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಎಂಬುದಿರಲಿಲ್ಲ.

ಈ ಸಮತೆ ಟಿವಿಯಲ್ಲಿ ಕೆಡುವುದು ಹೇಗೆ ನೋಡಿ. 24 ಫ್ರೇಮಿನ ಸಿನಿಮಾವನ್ನು 60 ಹರ್ಟ್ಜಿನಲ್ಲಿ ತೋರಿಸಬೇಕು. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ಬರೆಯಲು ಆಗುವುದಿಲ್ಲವಲ್ಲ, ಹಾಗಾಗಿ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತಾರೆ. ಒಂದು 50 ಮಿಲಿಸೆಕೆಂಡ್ ನಿಲ್ಲುತ್ತದೆ, ಇನ್ನೊಂದು 33. ಕ್ಯಾಮೆರಾ ನಿಧಾನವಾಗಿ ಬಯಲಿನ ಉದ್ದಕ್ಕೂ ತಿರುಗುವ ದೃಶ್ಯದಲ್ಲಿ ಇದು ಕುಂಟುನಡೆಯಂತೆ ಕಾಣುತ್ತದೆ. 120 ಹರ್ಟ್ಜಿನ ಪರದೆಗೆ ಈ ಕಷ್ಟವಿಲ್ಲ. 24 ಐದಲ 120. ಪ್ರತಿ ಫ್ರೇಮಿಗೂ ಐದು ಪಾಲು. 30ಕ್ಕೆ ನಾಲ್ಕು, 60ಕ್ಕೆ ಎರಡು. ಮಗ್ಗಿ ಬಲ್ಲವರಿಗೆಲ್ಲ ತಿಳಿಯುವ ಈ ಲೆಕ್ಕವೇ 120ರ ಹಿರಿಮೆ.

ಆದರೆ ನಮ್ಮ ದೇಶದ ಟಿವಿ ಈ ಮಗ್ಗಿಗೆ ಸೇರುವುದಿಲ್ಲ. ನಮ್ಮದು 50ರ ಮನೆತನ. ಇಲ್ಲಿಯ ಕರೆಂಟು 50 ಹರ್ಟ್ಜಿನದು. ಟಿವಿ ಬಂದಾಗ ಅದಕ್ಕೆ ಹೊಂದುವ 625 ಗೆರೆ, ಸೆಕೆಂಡಿಗೆ 50 ಅರೆಚಿತ್ರಗಳ ಪದ್ಧತಿಯನ್ನು ತೆಗೆದುಕೊಂಡೆವು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂದಾಗಲೂ ಅದೇ 50 ಉಳಿಯಿತು. ಇವತ್ತು ಡಿಶ್‌ನಲ್ಲಿ ಬರುವ ಎಚ್‌ಡಿ ಚಾನೆಲ್ ಕೂಡ ಸಾಮಾನ್ಯವಾಗಿ 1080 ಗೆರೆ, 50 ಅರೆಚಿತ್ರ. ಧಾರಾವಾಹಿಗಳು ಸಾಮಾನ್ಯವಾಗಿ ಅದರ ಅರ್ಧ, ಅಂದರೆ 25 ಫ್ರೇಮಿನವು. ಅಮೆರಿಕದ ಕರೆಂಟು 60 ಹರ್ಟ್ಜಿನದಾದ್ದರಿಂದ ಅಲ್ಲಿಯ ಟಿವಿ 60ರ ಮನೆತನ. ಟಿವಿಗೆ ಚುಚ್ಚುವ ಸಾಧನಗಳೂ ಅವುಗಳ ತಂತ್ರಾಂಶವೂ ಹೆಚ್ಚಾಗಿ ಆ ಮನೆಯಿಂದ ಬಂದವು, 60ನ್ನೇ ಲೋಕರೂಢಿ ಎಂದುಕೊಂಡವು. ಎರಡು ಮನೆತನಗಳು ಒಂದೇ ಪರದೆಯಲ್ಲಿ ಸೇರಿದಾಗ ಜಗಳ.

ನಾನಿರುವ ಇಗತಪುರಿಯವರಿಗೆ ಈ ಬಗೆಯ ಜಗಳ ರೈಲಿನ ಮೂಲಕ ಹಳೆಯ ಪರಿಚಯ. ಮುಂಬಯಿಯಲ್ಲಿ 1925ರಲ್ಲಿ ಶುರುವಾದ ವಿದ್ಯುತ್ ರೈಲು 1500 ವೋಲ್ಟಿನ ಡಿ.ಸಿ. ಕರೆಂಟಿನದು. ಆ ತಂತಿ ಕಸಾರಾ ಘಟ್ಟ ಹತ್ತಿ ಇಗತಪುರಿಗೆ ಬಂದು ನಿಲ್ಲುತ್ತಿತ್ತು. ಇಲ್ಲಿಂದಾಚೆ ನಾಸಿಕ, ಮನ್ಮಾಡದ ಕಡೆಗೆ 25 ಸಾವಿರ ವೋಲ್ಟಿನ, 50 ಹರ್ಟ್ಜಿನ ಎ.ಸಿ. ಒಂದರ ಇಂಜಿನ್ ಇನ್ನೊಂದರಲ್ಲಿ ಓಡದು. ಹಾಗಾಗಿ ದಶಕಗಳ ಕಾಲ ರೈಲುಗಳು ಇಲ್ಲಿ ನಿಂತು ಇಂಜಿನ್ ಬದಲಿಸಿಕೊಳ್ಳುತ್ತಿದ್ದವು, ಪ್ರಯಾಣಿಕರು ಇಳಿದು ವಡಾಪಾವ್ ತಿನ್ನುತ್ತಿದ್ದರು. ಆಮೇಲೆ ಎರಡೂ ಕರೆಂಟಿನಲ್ಲಿ ಓಡಬಲ್ಲ ಇಂಜಿನ್‌ಗಳು ಬಂದವು. ಕೊನೆಗೆ ಡಿ.ಸಿ. ತಂತಿಯೇ ಹೋಯಿತು. ಆ ಎರಡು ಕರೆಂಟಿನ ಇಂಜಿನ್ ಮಾಡಿದ ಕೆಲಸವನ್ನೇ ಒಂದು ಒಳ್ಳೆಯ ಟಿವಿ ಮಾಡಬೇಕು: ಮೇಲಿನ ತಂತಿಯಲ್ಲಿ ಏನಿದೆಯೋ ಅದಕ್ಕೆ ತಾನು ಹೊಂದಿಕೊಳ್ಳಬೇಕು. 24 ಬಂದರೆ 120ರಲ್ಲಿ ಓಡಬೇಕು. 50 ಅಥವಾ 25 ಬಂದರೆ 100ಕ್ಕೆ ಇಳಿಯಬೇಕು. ಒಳ್ಳೆಯ 120 ಹರ್ಟ್ಜ್ ಟಿವಿಗಳು ಸಾಮಾನ್ಯವಾಗಿ ಹೀಗೆಯೇ ಇಳಿಯುತ್ತವೆ. ಡಿಶ್‌ನಲ್ಲಿ ಕನ್ನಡ ಚಾನೆಲ್ ನೋಡುವಾಗ ನಿಮ್ಮ 120ರ ಟಿವಿ ಬಹುಮಟ್ಟಿಗೆ 100ರಲ್ಲಿದೆ. ಮೋಸ ಹೋದೆವೆಂದು ಬೇಸರಪಡಬೇಡಿ, ಅದೇ ಸರಿಯಾದ ನಡೆ.

ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಇದು ಸಹ್ಯಾದ್ರಿಯ ನೆತ್ತಿ. ಜುಲೈಯಲ್ಲಿ ಮೋಡ ಕಿಟಕಿಯೊಳಗೇ ಬರುತ್ತದೆ. ಡಿಶ್‌ಗೆ ಬರುವ ಉಪಗ್ರಹದ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುವುದರಿಂದ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಚೌಕ ಬರುತ್ತದೆ. ಆಗುಂಬೆ, ಮಡಿಕೇರಿಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಆಗ ಮನೆಯವರು ಟಿವಿಯ ಹಿಂದೆ ಚುಚ್ಚಿದ ಸ್ಟಿಕ್‌ಗೆ ಹೋಗಿ ಅದೇ ಧಾರಾವಾಹಿಯನ್ನು ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ಕರ್ನಾಟಕದಿಂದ ದೂರವಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಮಳೆ ಇರಲಿ ಬಿಡಲಿ ಇದೇ ದಾರಿ. ಅದೇ ಧಾರಾವಾಹಿ, ಅದೇ ಪಾತ್ರಗಳು, ಆದರೆ ಈಗ ಅತ್ತೆ ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ ಸಣ್ಣಗೆ ಎಡವುತ್ತಾ ಬರುತ್ತಾಳೆ. ಎಲ್ಲರೂ ದೂರುವುದು ನೆಟ್ಟನ್ನು. ನೆಟ್ ಸರಿಯಾಗಿಯೇ ಇರುತ್ತದೆ. ಸ್ಟಿಕ್ ತನ್ನ ಅಭ್ಯಾಸದಂತೆ 60 ಹರ್ಟ್ಜ್ ಕಳಿಸುತ್ತಿದೆ. 25 ಫ್ರೇಮನ್ನು 60ಕ್ಕೆ ಹಂಚಿದರೆ ಎರಡು, ಎರಡು, ಮೂರು, ಎರಡು, ಮೂರು ಎಂಬಂಥ ಪಾಲು ಬರುತ್ತದೆ. ಸಿನಿಮಾದ ಮೂರು-ಎರಡು ಕುಂಟನ್ನು ಅನೇಕ ಟಿವಿಗಳು ಗುರುತಿಸಿ ನೆಟ್ಟಗೆ ಮಾಡಬಲ್ಲವು. ಈ ಗೋಜಲನ್ನು ಬಿಡಿಸುವುದು ಅವಕ್ಕೂ ಕಷ್ಟ. ಟಿವಿಗೆ ತಲುಪುವ ಮೊದಲೇ ಕೆಟ್ಟ ಲೆಕ್ಕವನ್ನು ಟಿವಿಯ 120 ಸರಿಮಾಡುವುದಿಲ್ಲ.

ಪರಿಹಾರಕ್ಕೆ ಹಣ ಬೇಡ. ಸ್ಟಿಕ್ ಅಥವಾ ಪೆಟ್ಟಿಗೆಯ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’, ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’, ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಎಂಬಂಥ ಒಂದು ಸಾಲು ಇರುತ್ತದೆ. ಆಪಲ್ ಟಿವಿ, ಫೈರ್ ಟಿವಿ, ಆಂಡ್ರಾಯ್ಡ್ ಟಿವಿಯ ಹೊಸ ಆವೃತ್ತಿಗಳು ಎಲ್ಲದರಲ್ಲೂ ಇದೆ. ಆನ್ ಮಾಡಿ. ಕಾರ್ಯಕ್ರಮ ಶುರುವಾಗುವಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಬಹುದು, ಅದು ಇಂಜಿನ್ ಬದಲಾಗುವ ಹೊತ್ತು. ನೀವು ನೋಡುವ ಆ್ಯಪ್ ಈ ಬದಲಾವಣೆಗೆ ಒಪ್ಪದಿದ್ದರೆ, ಮತ್ತು ಮನೆಯಲ್ಲಿ ಹೆಚ್ಚಾಗಿ ನೋಡುವುದು ಕನ್ನಡ ಧಾರಾವಾಹಿಯೇ ಆದರೆ, ಸ್ಟಿಕ್‌ನ ಔಟ್‌ಪುಟ್ಟನ್ನೇ 50 ಹರ್ಟ್ಜ್‌ಗೆ ಕೂರಿಸಿ. ಟಿವಿಯ ಒಳಗೇ ಇರುವ ಆ್ಯಪ್‌ನಲ್ಲಿ ಒಮ್ಮೆ ಹಾಕಿ ನೋಡಿ, ಎಷ್ಟೋ ಸಲ ಅದು ತಾನೇ ಹೊಂದಿಸಿಕೊಂಡಿರುತ್ತದೆ.

ಇಷ್ಟು ಮಾಡಿದ ಮೇಲೂ ಸಿನಿಮಾ ಮದುವೆ ವಿಡಿಯೋದಂತಿದ್ದರೆ, ಕಾರಣ ಟಿವಿಯೊಳಗಿನ ಇನ್ನೊಂದು ಯಂತ್ರ. ಇಂಗ್ಲಿಷಿನಲ್ಲಿ ಮೋಷನ್ ಸ್ಮೂದಿಂಗ್ ಎನ್ನುತ್ತಾರೆ. ಅದು ಮಾಡುವುದು ಇಷ್ಟು: ಮೊದಲ ಫ್ರೇಮಿನಲ್ಲಿ ಕೈ ಇಲ್ಲಿದೆ, ಎರಡನೆಯದರಲ್ಲಿ ಅಲ್ಲಿದೆ, ನಡುವೆ ಎಲ್ಲಿದ್ದಿರಬಹುದು ಎಂದು ಲೆಕ್ಕ ಹಾಕಿ, ಯಾವ ಕ್ಯಾಮೆರಾವೂ ತೆಗೆಯದ ನಡುವಿನ ಚಿತ್ರಗಳನ್ನು ತಾನೇ ಬರೆಯುತ್ತದೆ. 24 ಫ್ರೇಮಿನ ಸಿನಿಮಾವನ್ನು ಪೂರ್ತಿ 120ಕ್ಕೆ ತುಂಬಿದರೆ ನೀವು ನೋಡುವ ಐದರಲ್ಲಿ ನಾಲ್ಕು ಚಿತ್ರ ಟಿವಿಯ ಊಹೆ.

ಅನುವಾದ ನನ್ನ ಕಸುಬು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಮೂಲದಲ್ಲಿಲ್ಲದ ಒಂದು ಪದ ಸೇರಿಸಬೇಕಾಗುತ್ತದೆ, ಸೇರಿಸುತ್ತೇವೆ. ಆದರೆ ಲೇಖಕ ಬಿಟ್ಟ ಪ್ರತಿ ಮೌನವನ್ನೂ ತುಂಬುತ್ತಾ ಹೋಗಿ, ಓದುಗನಿಗೆ ನುಣುಪಾಗಲೆಂದು ಒಂದು ವಾಕ್ಯದ ಜಾಗದಲ್ಲಿ ಐದು ಬರೆದರೆ ಅದನ್ನು ಅನುವಾದವೆಂದು ಯಾರೂ ಕರೆಯುವುದಿಲ್ಲ. ಮುಖಪುಟದ ಮೇಲೆ ಮೂಲ ಲೇಖಕರ ಹೆಸರನ್ನೇ ಇಟ್ಟುಕೊಂಡು ಹಾಗೆ ಮಾಡಿದರಂತೂ ಅದು ಅಪರಾಧ. ಟಿವಿ ಮಾಡುತ್ತಿರುವುದು ಅದನ್ನೇ.

ವೇಗ ಎನ್ನುವುದು ಚಿತ್ರ ತೆಗೆದವರ ತೀರ್ಮಾನ ಎನ್ನಲು ದೂರ ಹೋಗಬೇಕಿಲ್ಲ. ಇದೇ ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಹುಟ್ಟಿದವರು ದಾದಾಸಾಹೇಬ್ ಫಾಲ್ಕೆ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೋರಿಸುವ ಮೊದಲು, ಹಣ ಹಾಕುವವರಿಗೆ ನಂಬಿಕೆ ಬರಲೆಂದು ಅವರು ಒಂದು ಪುಟ್ಟ ಚಿತ್ರ ಮಾಡಿದ್ದರು. ಕುಂಡದಲ್ಲಿ ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ದಿನದಿನವೂ ಬಿಡಿ ಫ್ರೇಮ್‌ಗಳಲ್ಲಿ ಹಿಡಿದು, ಎಷ್ಟೋ ದಿನಗಳ ಬೆಳವಣಿಗೆಯನ್ನು ಕ್ಷಣಗಳಲ್ಲಿ ಓಡಿಸಿದರು. ಗಿಡ ಜಿಗಿಜಿಗಿದು ಏಳುವುದೇ ಆ ಚಿತ್ರದ ಬೆರಗು. ಎರಡು ಫ್ರೇಮ್‌ಗಳ ನಡುವೆ ಎಷ್ಟು ಕಾಲ ಬಿಡಬೇಕು ಎನ್ನುವುದು ಕಲಾವಿದನ ಕೈಯಲ್ಲಿರುವ ಉಪಕರಣವೆಂದು ಭಾರತದ ಸಿನಿಮಾ ತನ್ನ ಮೊದಲ ಹೆಜ್ಜೆಯಲ್ಲೇ ಅರಿತಿತ್ತು. ಆ ಬಿಡುವನ್ನು ಟಿವಿ ತಾನಾಗಿ ತುಂಬಿದರೆ ಉಪಕರಣವನ್ನು ಕಿತ್ತುಕೊಂಡಂತೆ. ಹೆಚ್ಚು ಫ್ರೇಮ್ ಬೇಕೆಂದವರು ಅದನ್ನೂ ಕ್ಯಾಮೆರಾದಲ್ಲೇ ಮಾಡಿ ತೋರಿಸಿದ್ದಾರೆ. ಪೀಟರ್ ಜಾಕ್ಸನ್ 2012ರಲ್ಲಿ ‘ದಿ ಹಾಬಿಟ್’ ಅನ್ನು 48 ಫ್ರೇಮಿನಲ್ಲಿ, ಆ್ಯಂಗ್ ಲೀ 2016ರಲ್ಲಿ ತಮ್ಮ ಒಂದು ಚಿತ್ರವನ್ನು 120 ಫ್ರೇಮಿನಲ್ಲಿ ತೆಗೆದರು. ಎಲ್ಲರಿಗೂ ಹಿಡಿಸಲಿಲ್ಲ, ಆದರೆ ತೀರ್ಮಾನ ಅವರದಾಗಿತ್ತು.

ಹಾಗಾದರೆ ಕ್ರಿಕೆಟ್ಟಿಗೆ? ಇಲ್ಲಿ ನನ್ನ ವಿರೋಧ ಮೆತ್ತಗಾಗುತ್ತದೆ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ಸೆಕೆಂಡಿಗೆ 50 ಚಿತ್ರವೆಂದರೆ ಒಂದರಿಂದ ಇನ್ನೊಂದಕ್ಕೆ ಚೆಂಡು ಮುಕ್ಕಾಲು ಮೀಟರಿಗೂ ಹೆಚ್ಚು ಜಿಗಿದಿರುತ್ತದೆ. ಮೇಲಾಗಿ ಈಗಿನ ಎಲ್‌ಇಡಿ, ಓಎಲ್‌ಇಡಿ ಪರದೆಗಳು ಹಳೆಯ ಡಬ್ಬಾ ಟಿವಿಯಂತೆ ಮಿಂಚಿ ಆರುವುದಿಲ್ಲ, ಮುಂದಿನ ಚಿತ್ರ ಬರುವವರೆಗೂ ಒಂದನ್ನೇ ಹಿಡಿದು ನಿಲ್ಲುತ್ತವೆ. ಓಡುವ ಚೆಂಡಿನ ಹಿಂದೆ ನಮ್ಮ ಕಣ್ಣು ಓಡುತ್ತಿರುವಾಗ ಪರದೆಯ ಚಿತ್ರ ನಿಂತಿರುವುದರಿಂದ ಮಸುಕು ಕಾಣುತ್ತದೆ. ನಡುವೆ ಚಿತ್ರ ಸೇರಿಸಿದರೆ ಈ ಮಸುಕು ಕಡಿಮೆಯಾಗುತ್ತದೆ. ಪಂದ್ಯದಲ್ಲಿ ಕಾಪಾಡಬೇಕಾದ ಕಲಾವಿದನ ಬಿಡುವೂ ಇಲ್ಲ. ಆದ್ದರಿಂದ ಆಟಕ್ಕೆ ಅದನ್ನು ಕಡಿಮೆ ಅಥವಾ ಮಧ್ಯಮ ಮಟ್ಟದಲ್ಲಿ ಇಟ್ಟುಕೊಳ್ಳಿ. ಪೂರ್ತಿ ಏರಿಸಿದರೆ ಊಹೆ ತಪ್ಪಿ ಬ್ಯಾಟಿನ ಅಂಚು ಕರಗಿದಂತೆ, ಚೆಂಡಿನ ಸುತ್ತ ಪ್ರಭಾವಳಿ ಬಂದಂತೆ ಕಾಣಬಹುದು.

ಓಎಲ್‌ಇಡಿ ಟಿವಿ ಇರುವವರಿಗೂ ಒಂದು ರಿಯಾಯಿತಿ. ಆ ಪರದೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಚುರುಕಾಗಿ ಹಾರುತ್ತದೆಂದರೆ, 24 ಫ್ರೇಮಿನ ಸಿನಿಮಾದ ನಿಧಾನ ಚಲನೆಗಳಲ್ಲಿ ಜಿಗಿತ ಎದ್ದು ಕಾಣುತ್ತದೆ. ಕಣ್ಣಿಗೆ ಹಿಂಸೆಯಾದರೆ ಹತ್ತರಲ್ಲಿ ಎರಡೋ ಮೂರೋ ಇಟ್ಟುಕೊಂಡರೆ ದೋಷವಿಲ್ಲ. ಹಾಗೆಯೇ, ‘ನನಗೆ ನುಣುಪೇ ಇಷ್ಟ’ ಎನ್ನುವವರ ಕೈಯಿಂದ ರಿಮೋಟ್ ಕಸಿಯುವ ಉದ್ದೇಶ ನನಗಿಲ್ಲ. ತಿಳಿದು ಆರಿಸಿದ್ದು ರುಚಿ. ತಿಳಿಯದಂತೆ ಆನ್ ಆಗಿ ಬಂದದ್ದು ಹೇರಿಕೆ.

ನಿಜವಾಗಿ 120 ಚಿತ್ರ ಬೇಕೆನ್ನುವುದು ಆಟದ ಕನ್ಸೋಲ್. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೆಲವು ಆಟಗಳನ್ನು ಸೆಕೆಂಡಿಗೆ 120 ಫ್ರೇಮಿನವರೆಗೆ ಕೊಡುತ್ತವೆ. ಅದಕ್ಕೆ ಎಚ್‌ಡಿಎಂಐ 2.1 ಕಿಂಡಿ ಬೇಕು. ಹಳೆಯ 2.0 ಕಿಂಡಿಯ 18 ಗಿಗಾಬಿಟ್‌ನಲ್ಲಿ 4ಕೆ ಚಿತ್ರ 60ಕ್ಕೆ ನಿಲ್ಲುತ್ತದೆ, 2.1 ಕಿಂಡಿ 48 ಗಿಗಾಬಿಟ್‌ವರೆಗೆ ಒಯ್ಯಬಲ್ಲದು. ಎಷ್ಟೋ ಟಿವಿಗಳಲ್ಲಿ ನಾಲ್ಕು ಕಿಂಡಿಯಲ್ಲಿ ಒಂದೋ ಎರಡೋ ಮಾತ್ರ ಅಂಥವು. ಅದರಲ್ಲೇ ಚುಚ್ಚಿ, ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆ ಕಿಂಡಿಗೆ ‘ಎನ್‌ಹಾನ್ಸ್ಡ್’ ಎಂಬಂಥ ಆಯ್ಕೆ ಕೊಟ್ಟು, ಗೇಮ್ ಮೋಡ್ ಹಾಕಿ. ಊಹೆಯ ಚಿತ್ರ ಬರೆಯಲು ಟಿವಿಗೆ ಹೊತ್ತು ಬೇಕು, ಆ ಹೊತ್ತು ಆಟಗಾರನಿಗೆ ಬಟನ್ ಒತ್ತಿದ ಮೇಲಿನ ವಿಳಂಬವಾಗಿ ಕಾಣುತ್ತದೆ. ಗೇಮ್ ಮೋಡ್ ಅದನ್ನು ತೆಗೆಯುತ್ತದೆ. ಇನ್ನು ಮನೆಯಲ್ಲಿ ಕನ್ಸೋಲ್ ಇಲ್ಲ, ಡಿಶ್ ಮತ್ತು ಧಾರಾವಾಹಿ ಅಷ್ಟೇ ಎನ್ನುವವರಿಗೆ 60 ಹರ್ಟ್ಜಿನ ಒಳ್ಳೆಯ ಟಿವಿ ಸಾಕು. ಡಿಶ್‌ನ 50 ಬಂದಾಗ ಅದು 50ಕ್ಕೆ ಇಳಿದು ತೋರಿಸುತ್ತದೆ. ಉಳಿದ ಹಣಕ್ಕೆ ಒಳ್ಳೆಯ ಸ್ಪೀಕರ್ ತನ್ನಿ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಈ ಎಲ್ಲ ಹುಡುಕಾಟ ಇಷ್ಟು ಕಷ್ಟವಾಗಲು ಕಾರಣ ತಂತ್ರಜ್ಞಾನವಲ್ಲ, ಹೆಸರು. ನಡುವೆ ಚಿತ್ರ ಸೇರಿಸುವ ಯಂತ್ರ ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ಮೊದಲು ‘ಆಟೋ ಮೋಷನ್ ಪ್ಲಸ್’, ಆಮೇಲೆ ‘ಪಿಕ್ಚರ್ ಕ್ಲಾರಿಟಿ’. ಟ್ರೂ, ಫ್ಲೋ, ಪ್ಲಸ್, ಕ್ಲಾರಿಟಿ. ಎಲ್ಲವೂ ಹೊಗಳಿಕೆ. ಕ್ಲಾರಿಟಿಯನ್ನು ಆಫ್ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಪ್ಯಾನಾಸಾನಿಕ್ ಮಾತ್ರ ‘ಇಂಟೆಲಿಜೆಂಟ್ ಫ್ರೇಮ್ ಕ್ರಿಯೇಷನ್’ ಎಂದಿಟ್ಟಿತ್ತು. ಹೊಗಳಿಕೆ ಅಲ್ಲೂ ಇದೆ, ಆದರೆ ಸೃಷ್ಟಿ ಮಾಡುತ್ತಿದ್ದೇವೆ ಎಂಬುದನ್ನು ಮುಚ್ಚಿಡಲಿಲ್ಲ. ಮೆನುವನ್ನು ಕನ್ನಡಕ್ಕೆ ತಂದರೂ ಇವು ಹಾಗೆಯೇ ಉಳಿಯುತ್ತವೆ. ನೋಂದಾಯಿತ ಹೆಸರನ್ನು ಅನುವಾದಿಸಬಾರದು ಎನ್ನುವುದು ಈ ಕಸುಬಿನ ಮೊದಲ ನಿಯಮಗಳಲ್ಲೊಂದು. ರಿಫ್ರೆಶ್ ರೇಟನ್ನು ‘ನವೀಕರಣ ದರ’ ಎಂದು ಬರೆದು ಲೈಸೆನ್ಸ್ ಕಚೇರಿಯ ನೆನಪು ತರಿಸಬಹುದು, ಯಂತ್ರದ ಕೆಲಸ ಮಾತ್ರ ಗುಟ್ಟಾಗಿಯೇ ಇರುತ್ತದೆ.

ನನ್ನ ಸಲಹೆ: ವ್ಯಾಪಾರದ ಹೆಸರು ಏನೇ ಇರಲಿ, ಅದರ ಕೆಳಗೆ ಕೆಲಸವನ್ನು ಹೇಳುವ ಒಂದು ಸಾಲು ಇರಲಿ. ‘ನಡುವೆ ಊಹೆಯ ಚಿತ್ರ ಸೇರಿಸು’. ಪಕ್ಕದಲ್ಲಿ ಹೌದು, ಬೇಡ. ಇಷ್ಟು ಬರೆದರೆ ಹತ್ತನೇ ತರಗತಿ ಓದಿದ ಅಜ್ಜಿಯೂ ತಾನೇ ತೀರ್ಮಾನಿಸಬಲ್ಲಳು. ಈ ಸಾಲು ಬರೆಯಲು ಯಾವ ಸಂಶೋಧನೆಯೂ ಬೇಡ.

ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಇದೇ ಮಾತು. ‘ಮೋಷನ್ ರೇಟ್ 240’ ಎಂದರೆ ಪರದೆ 240 ಹರ್ಟ್ಜಿನದು ಎಂದರ್ಥವಲ್ಲ, ಸಾಮಾನ್ಯವಾಗಿ ಅದರ ಅರ್ಧ. ‘120 ಹರ್ಟ್ಜ್ ಡಿಎಲ್‌ಜಿ’ ಎಂದರೆ 60ರ ಪರದೆ ಎರಡೆರಡು ಸಾಲನ್ನು ಒಟ್ಟಿಗೆ ಬರೆದು ವೇಗ ಇಮ್ಮಡಿಸುವುದು, ಆಗ ಮೇಲಿಂದ ಕೆಳಗಿನ ವಿವರ ಅರ್ಧವಾಗುತ್ತದೆ. ಆಟಕ್ಕೆ ಅದು ಉಪಯೋಗವೇ, ಆದರೆ ನಿಜವಾದ 120 ಅಲ್ಲ. ಕೊಳ್ಳುವಾಗ ‘ಪ್ಯಾನೆಲ್ಲಿನ ನೇಟಿವ್ ರೇಟ್ ಎಷ್ಟು?’ ಎಂದು ಇದೇ ಪದಗಳಲ್ಲಿ ಕೇಳಿ, ಬರೆದದ್ದನ್ನು ತೋರಿಸಲು ಹೇಳಿ. ಕರೆಂಟ್ ಎಷ್ಟು ತಿನ್ನುತ್ತದೆಂದು ಹೇಳುವ ನಕ್ಷತ್ರಗಳ ಚೀಟಿಯನ್ನು ಟಿವಿಗೆ ಅಂಟಿಸುವ ಪದ್ಧತಿ ನಮ್ಮಲ್ಲಿದೆ. ಅದರ ಪಕ್ಕದಲ್ಲಿ ಪ್ಯಾನೆಲ್ಲಿನ ನಿಜವಾದ ವೇಗವನ್ನು ಒಂದೇ ಸಂಖ್ಯೆಯಲ್ಲಿ ಅಚ್ಚುಮಾಡಿಸುವುದು ಸರ್ಕಾರಕ್ಕೆ ದೊಡ್ಡ ಕೆಲಸವೇನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತು ಯಾವುದೆಂದು ಹೇಳಿದೆ. ಅರ್ಧವನ್ನು ಇಡಿಯಂತೆ ತೋರಿಸುವ ಸಂಖ್ಯೆಯನ್ನು ಆ ಕಣ್ಣಿನಿಂದ ನೋಡಬೇಕು.

ಕೇಳಿದರೆ ಬದಲಾಗುವುದಿಲ್ಲ ಎಂದೇನಿಲ್ಲ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮ್ಯಾಕ್ವೆರಿ ‘ದಯವಿಟ್ಟು ಇದನ್ನು ಆಫ್ ಮಾಡಿ ನಮ್ಮ ಸಿನಿಮಾ ನೋಡಿ’ ಎಂಬ ಅರ್ಥದ ವಿಡಿಯೋ ಹಾಕಿದರು. ಮರುವರ್ಷ, ಟಿವಿ ಕಂಪನಿಗಳೂ ಸ್ಟುಡಿಯೋಗಳೂ ಸೇರಿದ ಯುಎಚ್‌ಡಿ ಅಲಯನ್ಸ್ ‘ಫಿಲ್ಮ್‌ಮೇಕರ್ ಮೋಡ್’ ಪ್ರಕಟಿಸಿತು. ಅದನ್ನು ಆರಿಸಿದರೆ ಊಹೆಯ ಚಿತ್ರಗಳು ನಿಂತು, ಸಿನಿಮಾ ತನ್ನ ವೇಗದಲ್ಲಿ, ತನ್ನ ಬಣ್ಣದಲ್ಲಿ ಬರುತ್ತದೆ. ನಿಮ್ಮ ಟಿವಿಯ ಪಿಕ್ಚರ್ ಮೋಡ್ ಪಟ್ಟಿಯಲ್ಲಿ ಅದಿದ್ದರೆ ಸಿನಿಮಾಕ್ಕೆ ಅದನ್ನೇ ಹಾಕಿ, ಇಲ್ಲದಿದ್ದರೆ ‘ಸಿನಿಮಾ’ ಅಥವಾ ‘ಮೂವಿ’ ಹಾಕಿ, ಮೋಷನ್ ಎಂಬ ಪದವಿರುವ ಸಾಲನ್ನು ಹುಡುಕಿ ಆಫ್ ಮಾಡಿ. ಹಾಲಿವುಡ್ಡಿನ ದೊಡ್ಡವರು ಕೇಳಿದ್ದಕ್ಕೆ ಒಂದು ಮೋಡ್ ಬಂತು. ಆದರೂ ಹೆಚ್ಚಿನ ಟಿವಿಗಳಲ್ಲಿ ಅದು ನಾವೇ ಆರಿಸಬೇಕಾದದ್ದಾಗಿ ಉಳಿದಿದೆ, ಊಹೆಯ ಚಿತ್ರ ತಾನಾಗಿ ಬರುವಂಥದ್ದಾಗಿದೆ. ಇದು ಅದಲುಬದಲಾಗಬೇಕು. ನಮ್ಮ ಭಾಷೆಯ ನಿರ್ದೇಶಕರು, ಛಾಯಾಗ್ರಾಹಕರೂ ಇದನ್ನು ಕೇಳಬೇಕು. ಥಿಯೇಟರಿನಲ್ಲಿ ಕೆಲವೇ ವಾರ ಉಳಿಯುವ ಅವರ ಚಿತ್ರಗಳು ಬದುಕುವುದು ಕೊನೆಗೆ ನಮ್ಮ ಮನೆಯ ಟಿವಿಗಳಲ್ಲಿಯೇ.

ಅಲ್ಲಿಯವರೆಗೆ ಈ ವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ರಿಮೋಟ್ ಹಿಡಿದು ಕೂರಿ. ನಿಮ್ಮ ಟಿವಿ ಮುಗಿದ ಮೇಲೆ ಊರಿನಲ್ಲಿರುವ ಅಪ್ಪ ಅಮ್ಮನ ಟಿವಿಯನ್ನೂ ವಿಡಿಯೋ ಕಾಲ್‌ನಲ್ಲಿ ಸರಿಮಾಡಿಸಿ. ದುಡ್ಡು ಆಗಲೇ ಕೊಟ್ಟಾಗಿದೆ, ಚಿತ್ರವನ್ನೂ ತೆಗೆದವರು ತೆಗೆದ ಹಾಗೆಯೇ ನೋಡೋಣ.